ಮೆಜೆಸ್ಟಿಕ್ ಮೆಟ್ರೋ ನಿಲ್ದಾಣವನ್ನು ನೆಲದಡಿ ಹೇಗೆ ಕಟ್ಟಿದರು?

ಮೆಜೆಸ್ಟಿಕ್ ಮೆಟ್ರೋ ನಿಲ್ದಾಣದಷ್ಟು ದೊಡ್ಡ ಗುಹೆಯನ್ನು ಸುರಂಗ ಯಂತ್ರ ಹೇಗೆ ಕೊರೆಯಿತು, ಮೇಲೆ ಬಸ್ಸುಗಳು ಓಡಾಡಿದರೆ ಅದು ಕುಸಿಯುವುದಿಲ್ಲವೇ ಎಂದು ಕೇಳಿದ್ದೀರಿ. ಅಲ್ಲಿ ಗುಹೆಯೇ ಇಲ್ಲ. ಯಂತ್ರ ಕೊರೆಯುವುದು ಒಂದು ರೈಲು ಹಿಡಿಸುವಷ್ಟು, ಅಂದರೆ ಆರು ಮೀಟರ್ ಆಸುಪಾಸಿನ ದುಂಡನೆಯ ಕೊಳವೆಯನ್ನು ಮಾತ್ರ. ನಿಲ್ದಾಣವನ್ನು ಮಾಡಿದ್ದು ಬಾವಿ ತೋಡುವ ಹಾಗೆ ಮೇಲಿನಿಂದ ಅಗೆದು, ತಳದಿಂದ ಕಟ್ಟಡ ಎಬ್ಬಿಸಿ, ಕೊನೆಗೆ ಚಾವಣಿ ಹಾಕಿ. ಲಂಡನ್ನಿನಲ್ಲಿ 1863ರಲ್ಲಿ ಜಗತ್ತಿನ ಮೊದಲ ನೆಲದಡಿ ರೈಲು ಓಡಿದ್ದೂ ಹೀಗೆ ಅಗೆದು ಮುಚ್ಚಿದ ದಾರಿಯಲ್ಲೇ.

ನಾನು ಸಿವಿಲ್ ಎಂಜಿನಿಯರ್. ಮೆಟ್ರೋದಲ್ಲಿ ಕೆಲಸ ಮಾಡಿದವನಲ್ಲ. ದೊಡ್ಡ ಕಟ್ಟಡಗಳ ನೆಲಮಾಳಿಗೆಗಳಿಗೆ ಲೆಕ್ಕ ಹಾಕುವುದು ನನ್ನ ಕಸುಬು. ಮೆಜೆಸ್ಟಿಕ್‌ನ ಗುಂಡಿ ಬಾಯ್ತೆರೆದಿದ್ದ ವರ್ಷಗಳಲ್ಲಿ ದಿನವೂ ಅಲ್ಲಿಯೇ ಬಸ್ಸು ಬದಲಿಸುತ್ತಿದ್ದೆ. ತಗಡಿನ ಬೇಲಿಯ ಸಂದಿಗೆ ಕಣ್ಣಿಟ್ಟು ನಿಂತು ಎಷ್ಟೋ ಬಸ್ಸುಗಳನ್ನು ಬಿಟ್ಟುಕೊಟ್ಟಿದ್ದೇನೆ.

ಆ ಜಾಗದ ಚರಿತ್ರೆ ಸ್ವಲ್ಪ ಗೊತ್ತಿರಬೇಕು. ಈಗಿನ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಒಂದು ಕಾಲಕ್ಕೆ ಪೇಟೆಗೆ ನೀರು ಕೊಟ್ಟ ಕೆರೆ ಅದು. ಬತ್ತಿ, ಮೈದಾನವಾಗಿ, ಆಮೇಲೆ ಬಸ್ಸುಗಳ ಪಾಲಾಯಿತು. ಕೆರೆಯ ಏರಿ ಟ್ಯಾಂಕ್ ಬಂಡ್ ರಸ್ತೆಯ ಹೆಸರಿನಲ್ಲಷ್ಟೇ ಉಳಿದಿದೆ. ‘ಮೆಜೆಸ್ಟಿಕ್’ ಎಂಬುದೂ ಈಗಿಲ್ಲದ ಒಂದು ಚಿತ್ರಮಂದಿರದ ಹೆಸರು. ಮೆಟ್ರೋ ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರಿಟ್ಟಿದ್ದಾರೆ, ಆದರೂ ಜನರ ಬಾಯಲ್ಲಿ ಅದು ಮೆಜೆಸ್ಟಿಕ್ಕೇ. ಮನುಷ್ಯರು ಕೆರೆಯನ್ನು ಮರೆತರು. ನೀರು ಮಾತ್ರ ತಗ್ಗನ್ನು ಮರೆಯುವುದಿಲ್ಲ, ಅದರ ಫಲವನ್ನು ಆಮೇಲೆ ಹೇಳುತ್ತೇನೆ.

ಇಂಥ ಗುಂಡಿಯನ್ನು ಒಂದೇ ಸಲಕ್ಕೆ ತೋಡುವುದಿಲ್ಲ. ಮೊದಲು ಸುತ್ತಲೂ ನೆಲದೊಳಕ್ಕೆ ಕಾಂಕ್ರೀಟಿನ ಕಂಬಗಳನ್ನೋ ಗೋಡೆಯನ್ನೋ ಇಳಿಸುತ್ತಾರೆ. ಆಮೇಲೆ ಎರಡು ಮೂರು ಮೀಟರ್ ಅಗೆದು, ಬದಿಯ ಮಣ್ಣು ಒಳಕ್ಕೆ ಜಾರದಂತೆ ಅಡ್ಡಲಾಗಿ ಉಕ್ಕಿನ ತೊಲೆಗಳನ್ನು ಕೊಡುತ್ತಾರೆ, ಇಲ್ಲವೇ ಮಣ್ಣಿನೊಳಕ್ಕೆ ಉಕ್ಕಿನ ಸರಳುಗಳನ್ನು ನಾಟಿ ಗೋಡೆಯನ್ನು ಹಿಂದಕ್ಕೆ ಬಿಗಿಯುತ್ತಾರೆ. ಮತ್ತೆ ಅಗೆತ, ಮತ್ತೆ ಆಸರೆ. ಕಲ್ಲು ಸಿಕ್ಕರೆ ಸಣ್ಣ ಸಣ್ಣ ಸಿಡಿತಗಳಿಂದ ಒಡೆಯಬೇಕು. ತಳ ಮುಟ್ಟಿದ ಮೇಲೆ ಕೆಳಹಾಸು, ಗೋಡೆ, ಕಂಬ, ಮಹಡಿ, ಚಾವಣಿ ಎಂದು ಮಾಮೂಲಿ ಕಟ್ಟಡದ ಕ್ರಮವೇ. ಮೇಲಿನ ರಸ್ತೆಯನ್ನು ವರ್ಷಗಟ್ಟಲೆ ಮುಚ್ಚಲು ಆಗದ ಕಡೆ ಇದನ್ನೇ ತಲೆಕೆಳಗಾಗಿ ಮಾಡುವ ಉಪಾಯವಿದೆ: ಮೊದಲು ಚಾವಣಿ ಹಾಕಿ ರಸ್ತೆ ಬಿಟ್ಟುಕೊಟ್ಟು, ಅದರ ಕೆಳಗೆ ಅಗೆಯುತ್ತಾ ಹೋಗುವುದು.

ಈಗ ಕುಸಿತದ ಮಾತು. ಈ ಕಸುಬಿನಲ್ಲಿ ನಮ್ಮ ನಿದ್ದೆ ಕೆಡಿಸುವುದು ಅದರ ತದ್ವಿರುದ್ಧದ ಭಯ, ನಿಲ್ದಾಣ ಮೇಲೆದ್ದು ಬರುವ ಭಯ. ನೆಲದಡಿಯ ನಿಲ್ದಾಣವೆಂದರೆ ಒಳಗೆ ಟೊಳ್ಳಾದ ದೊಡ್ಡ ಪೆಟ್ಟಿಗೆ. ಸುತ್ತ ಅಂತರ್ಜಲವಿದ್ದರೆ ಅದು ತೊಟ್ಟಿಯಲ್ಲಿ ಅದುಮಿ ಹಿಡಿದ ಖಾಲಿ ಚೊಂಬಿನಂತೆ ತೇಲಲು ನೋಡುತ್ತದೆ. ಕೆಳಹಾಸಿಗಿಂತ ನೀರಿನ ಮಟ್ಟ ಹತ್ತು ಮೀಟರ್ ಮೇಲಿದೆ ಎಂದುಕೊಳ್ಳಿ. ಕೆಳಹಾಸಿನ ಪ್ರತಿ ಚದರ ಮೀಟರಿನ ಮೇಲೂ ಹತ್ತು ಟನ್ ಒತ್ತಡ ಮೇಲ್ಮುಖವಾಗಿ ಬೀಳುತ್ತದೆ. ಒಂದು ಘನ ಮೀಟರ್ ಕಾಂಕ್ರೀಟಿನ ತೂಕ ಸುಮಾರು ಎರಡೂವರೆ ಟನ್. ಅಂದರೆ ಈ ಒತ್ತಡವನ್ನು ಬರೀ ಕಾಂಕ್ರೀಟಿನ ಭಾರದಿಂದ ತಡೆಯುವುದಾದರೆ ಎಲ್ಲ ಮಹಡಿಗಳದ್ದೂ ಸೇರಿ ನಾಲ್ಕು ಮೀಟರ್ ದಪ್ಪ ಬೇಕು. ಅಷ್ಟು ಕೂಡದಿದ್ದರೆ ಚಾವಣಿಯ ಮೇಲಿನ ಮಣ್ಣಿನ ತೂಕವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಅದೂ ಸಾಲದಿದ್ದರೆ ಕೆಳಹಾಸನ್ನು ಬಂಡೆಗೆ ಸರಳುಗಳಿಂದ ಕಟ್ಟಿಹಾಕುತ್ತಾರೆ. ಸಾಕಷ್ಟು ಭಾರ ಕೂಡುವ ತನಕ ಪಂಪುಗಳು ಹಗಲೂ ರಾತ್ರಿ ನೀರೆತ್ತುತ್ತಲೇ ಇರಬೇಕು. ಹಳೆಯ ಕೆರೆಯಂಗಳ ಎಂದರೆ ನಾನು ಮೊದಲು ವಿಚಾರಿಸುವುದು ಪಂಪುಗಳ ಬಗ್ಗೆ.

ಬಸ್ಸಿನ ಲೆಕ್ಕವನ್ನೂ ಹಾಕಿಬಿಡೋಣ. ಜನ ತುಂಬಿದ ಬಸ್ಸು ಹದಿನಾರು ಟನ್ ಇರಬಹುದು. ಅದು ನಿಲ್ಲುವ ಜಾಗ ಸುಮಾರು ಮೂವತ್ತು ಚದರ ಮೀಟರ್. ಅದೇ ಮೂವತ್ತು ಚದರ ಮೀಟರಿನ ಮೇಲೆ ಒಂದೇ ಒಂದು ಮೀಟರ್ ಮಣ್ಣು ತುಂಬಿದರೆ ಐವತ್ತು ಟನ್ ದಾಟುತ್ತದೆ. ಚಾವಣಿಯ ದೃಷ್ಟಿಯಲ್ಲಿ ಬಸ್ಸೆಂದರೆ ಒಂದಡಿ ಹೆಚ್ಚುವರಿ ಮಣ್ಣು, ಅಷ್ಟೇ.

ಹಾಗಾದರೆ ಇಷ್ಟು ವರ್ಷ ಏಕೆ ಹಿಡಿಯಿತು ಎಂದು ನೀವು ಕೇಳಬಹುದು. 2006ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ ನಮ್ಮ ಮೆಟ್ರೋದ ಮೊದಲ ರೈಲು 2011ರ ಅಕ್ಟೋಬರ್‌ನಲ್ಲಿ ಓಡಿತು. ಮೆಜೆಸ್ಟಿಕ್‌ಗೆ ನೇರಳೆ ಮಾರ್ಗದ ರೈಲು ಬಂದದ್ದು 2016ರ ಏಪ್ರಿಲ್ ಕೊನೆಗೆ. ಎರಡು ಮಾರ್ಗಗಳು ಇಲ್ಲಿ ಒಂದರ ಮೇಲೊಂದು ಹಾಯುತ್ತವೆ, ನೇರಳೆ ಮೇಲೆ, ಹಸಿರು ಕೆಳಗೆ. ಕೆಳಗಿನದನ್ನು ಆಮೇಲೆ ನೋಡಿಕೊಳ್ಳೋಣ ಎನ್ನುವಂತಿಲ್ಲ; ಗುಂಡಿಯನ್ನು ಮೊದಲೇ ಎರಡಕ್ಕೂ ಸೇರಿಸಿ ತೋಡಬೇಕು. ಹಾಗಿದ್ದೂ ಹಸಿರು ಮಾರ್ಗ ಇನ್ನೂ ಒಂದು ವರ್ಷ ಕಾಯಿಸಿದ್ದು ಸುರಂಗದ ದೆಸೆಯಿಂದ. ಬೆಂಗಳೂರಿನ ನೆಲದಲ್ಲಿ ಮೆದು ಮಣ್ಣು, ಅದರೊಳಗೆ ಹುದುಗಿದ ಗುಂಡುಕಲ್ಲುಗಳು, ಗಟ್ಟಿ ಬಂಡೆ, ಎಲ್ಲವೂ ಬೆರೆತಿವೆ. ಯಂತ್ರದ ಮುಖದ ಅರ್ಧಕ್ಕೆ ಮಣ್ಣು, ಇನ್ನರ್ಧಕ್ಕೆ ಬಂಡೆ ಎದುರಾದರೆ ಅದರ ಹಲ್ಲುಗಳು ಸವೆದು, ಮುರಿದು ಹೋಗುತ್ತವೆ. ಚಿಕ್ಕಪೇಟೆಯಿಂದ ಮೆಜೆಸ್ಟಿಕ್ ಕಡೆಗೆ ಹೊರಟ ‘ಗೋದಾವರಿ’ ಎಂಬ ಯಂತ್ರ ಹೀಗೆ ಕೆಟ್ಟು ತಿಂಗಳುಗಟ್ಟಲೆ ನೆಲದಡಿ ನಿಂತಿತ್ತು.

ಕೊನೆಗೆ 2017ರ ಜೂನ್‌ನಲ್ಲಿ ಹಸಿರು ರೈಲು ಓಡಿತು. ಅದೇ ವಾರ ಹೋಗಿ ಕೆಳಗಿನ ಪ್ಲಾಟ್‌ಫಾರಂನಲ್ಲಿ ನಿಂತು ಬಂದೆ. ಗೋಡೆಯ ಬುಡದಲ್ಲಿ ಎಲ್ಲಾದರೂ ಒದ್ದೆ ಇದೆಯೇ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದವನಿಗೆ, ಹಳದಿ ಗೆರೆಯಿಂದ ಹಿಂದೆ ಸರಿಯಿರಿ ಎಂದು ಕಾವಲುಗಾರರು ಎರಡು ಸಲ ಸೀಟಿ ಊದಿದರು.