ಅಮೆರಿಕದ ಬಂದೂಕು ಸಂಶೋಧನೆಗಳಲ್ಲಿ ಯಾವುದನ್ನು ನಂಬೋದು?

ಅಮೆರಿಕದಲ್ಲಿ ಬಂದೂಕಿನ ಬಗ್ಗೆ ಬರುವ ಅಧ್ಯಯನಗಳೆಲ್ಲ ಯಾವುದೋ ಒಂದು ಪಕ್ಷದ ವಕಾಲತ್ತು, ಹಾಗಿದ್ದಮೇಲೆ ಯಾವುದನ್ನು ನಂಬೋದು ಅಂತ ಕೇಳಿದ್ದೀರಿ. ನಾನು ಸಂಖ್ಯಾಶಾಸ್ತ್ರದ ಮೇಷ್ಟ್ರು. ಸಮೀಕ್ಷೆಗಳು ಎಲ್ಲಿ ಎಡವುತ್ತವೆ ಅಂತ ತೋರಿಸೋಕೆ ತರಗತಿಯಲ್ಲಿ ಇದನ್ನೇ ಎತ್ತಿಕೊಳ್ಳುತ್ತೇನೆ. ಸಂಶೋಧಕ ಯಾರ ಕಡೆಯವನು ಅನ್ನೋದು ಆಮೇಲೆ. ಅವನ ಲೆಕ್ಕವನ್ನು ಬೇರೆಯವರು ಮತ್ತೆ ಮಾಡಿ ನೋಡಬಹುದಾ ಅನ್ನೋದನ್ನು ಮೊದಲು ನೋಡಿ.

ಆತ್ಮರಕ್ಷಣೆಗೆ ಬಂದೂಕು ಬಳಸಿದವರ ಸಂಖ್ಯೆಯನ್ನೇ ತಗೊಳ್ಳಿ. 1995ರಲ್ಲಿ ಅಪರಾಧಶಾಸ್ತ್ರಜ್ಞರಾದ ಗ್ಯಾರಿ ಕ್ಲೆಕ್ ಮತ್ತು ಮಾರ್ಕ್ ಗರ್ಟ್ಜ್ ಸುಮಾರು 5,000 ಜನರನ್ನು ಫೋನಿನಲ್ಲಿ ಕೇಳಿ, ವರ್ಷಕ್ಕೆ 25 ಲಕ್ಷ ಸಲ ಅಂದರು. ಸರ್ಕಾರದ ಅಪರಾಧ ಸಮೀಕ್ಷೆಯಿಂದ ಆಗ ಬರುತ್ತಿದ್ದ ಅಂದಾಜು ಒಂದು ಲಕ್ಷದ ಆಸುಪಾಸು. ಇಷ್ಟು ಅಂತರ ಬಂದಿದ್ದಕ್ಕೆ ಯಾರೂ ಸುಳ್ಳು ಹೇಳಿರಬೇಕಿಲ್ಲ. ಕ್ಲೆಕ್ ಸಮೀಕ್ಷೆಯಲ್ಲಿ 'ಹೌದು, ಈ ವರ್ಷ ಬಳಸಿದೆ' ಅಂದವರು ನೂರಕ್ಕೆ ಸುಮಾರು 1.3 ಮಾತ್ರ. ಬಳಸದೇ ಇದ್ದ ಉಳಿದವರಲ್ಲಿ ನೂರಕ್ಕೊಬ್ಬ ಯಾವ ವರ್ಷ ಅನ್ನೋದು ಮರೆತೋ, ಉತ್ಪ್ರೇಕ್ಷೆ ಮಾಡಿಯೋ 'ಹೌದು' ಅಂದುಬಿಟ್ಟರೆ ಸಾಕು, 25 ಲಕ್ಷದಲ್ಲಿ ಬಹುಪಾಲು ಕರಗಿಹೋಗುತ್ತದೆ. ಹಾರ್ವರ್ಡ್‌ನ ಡೇವಿಡ್ ಹೆಮೆನ್‌ವೇ ಎತ್ತಿದ ಆಕ್ಷೇಪ ಇದೇ, ಮತ್ತು ನನಗೆ ಅದು ಸರಿ ಅನ್ನಿಸುತ್ತದೆ. ಆದರೆ ಸರ್ಕಾರದ ಸಮೀಕ್ಷೆಯಲ್ಲೂ ತೊಡಕಿದೆ. ಅಪರಾಧಕ್ಕೆ ಗುರಿಯಾದೆ ಅಂತ ಮೊದಲು ಹೇಳಿದವರನ್ನಷ್ಟೇ ಅದು ರಕ್ಷಣೆಯ ಬಗ್ಗೆ ಕೇಳುತ್ತದೆ. ಅಲ್ಲಿ ಸಂಖ್ಯೆ ಕಡಿಮೆ ಬರುವ ಸಾಧ್ಯತೆ ಇದೆ.

ನಿಜವಾಗಿ ನಂಬಿಕೆ ಕೆಡಿಸಿದ ಪ್ರಸಂಗಗಳು ಎರಡೂ ಕಡೆ ಇವೆ. ಹಳೆಯ ಅಮೆರಿಕದಲ್ಲಿ ಬಂದೂಕು ಇದ್ದವರೇ ಕಡಿಮೆ ಅಂತ ಬರೆದ ಇತಿಹಾಸಕಾರ ಮೈಕಲ್ ಬೆಲ್ಲಿಸೈಲ್ಸ್‌ಗೆ, ಇತಿಹಾಸದ ಪುಸ್ತಕಗಳಿಗೆ ಕೊಡುವ ಬ್ಯಾಂಕ್ರಾಫ್ಟ್ ಪ್ರಶಸ್ತಿ ಬಂತು. ಅವರು ಉಲ್ಲೇಖಿಸಿದ ಆಸ್ತಿ ದಾಖಲೆಗಳನ್ನು ಬೇರೆ ವಿದ್ವಾಂಸರು ಹುಡುಕಿದಾಗ ತಾಳೆಯಾಗಲಿಲ್ಲ. 2002ರಲ್ಲಿ ಪ್ರಶಸ್ತಿ ವಾಪಸಾಯಿತು. ಬಂದೂಕು ಹೆಚ್ಚಾದರೆ ಅಪರಾಧ ಇಳಿಯುತ್ತದೆ ಅನ್ನುವ ಅರ್ಥಶಾಸ್ತ್ರಜ್ಞ ಜಾನ್ ಲಾಟ್, ತಮ್ಮ ಒಂದು ಸಮೀಕ್ಷೆಯ ದತ್ತಾಂಶ ಕಂಪ್ಯೂಟರ್ ಕೆಟ್ಟು ಹೋಯಿತು ಅಂದರು. ಬೇರೆ ಹೆಸರಿನಲ್ಲಿ ಇಂಟರ್ನೆಟ್‌ನಲ್ಲಿ ತಮ್ಮನ್ನೇ ಸಮರ್ಥಿಸಿಕೊಂಡಿದ್ದನ್ನು 2003ರಲ್ಲಿ ಒಪ್ಪಿಕೊಂಡರು.

ಇವೆರಡಕ್ಕಿಂತ ದೊಡ್ಡ ಹಾನಿ ಮಾಡಿದ್ದು ಅಮೆರಿಕದ ಸಂಸತ್ತು ಅಂತ ನನ್ನ ಅಭಿಪ್ರಾಯ. ಮನೆಯಲ್ಲಿ ಬಂದೂಕಿದ್ದರೆ ಅಲ್ಲಿ ಕೊಲೆಯ ಅಪಾಯ ಸುಮಾರು 2.7 ಪಟ್ಟು ಅಂತ 1993ರಲ್ಲಿ, ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಹಣದಲ್ಲಿ ಅಧ್ಯಯನ ಮಾಡಿ, ಆರ್ಥರ್ ಕೆಲ್ಲರ್‌ಮನ್ ತಂಡ ಹೇಳಿತ್ತು. ಅಪಾಯವಿದ್ದವರೇ ಬಂದೂಕು ಕೊಂಡಿರಬಹುದಲ್ಲ ಅನ್ನುವ ಟೀಕೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಇನ್ನೂ ಒಳ್ಳೆಯ ಅಧ್ಯಯನ. ಸಂಸತ್ತು 1996ರಲ್ಲಿ ಮಾಡಿದ್ದೇ ಬೇರೆ: ಸಿಡಿಸಿ ತನ್ನ ಹಣವನ್ನು ಬಂದೂಕು ನಿಯಂತ್ರಣದ ಪ್ರಚಾರಕ್ಕೆ ಬಳಸಬಾರದೆಂಬ ಡಿಕಿ ತಿದ್ದುಪಡಿ ತಂದು, ಜೊತೆಗೆ 26 ಲಕ್ಷ ಡಾಲರ್ ಕಡಿತ ಮಾಡಿತು. ಸಂಶೋಧನೆಗೆ ನಿಷೇಧ ಅಂತ ಕಾನೂನಿನಲ್ಲಿ ಇರಲಿಲ್ಲ, ಹಣ ಹೋದೀತೆಂಬ ಭಯ ಮಾತ್ರ ಇಪ್ಪತ್ತು ವರ್ಷ ದಾಟಿತು. ತಿದ್ದುಪಡಿ ತಂದ ಜೇ ಡಿಕಿಯವರೇ 2012ರಲ್ಲಿ ಸಂಶೋಧನೆ ಬೇಕು ಅಂತ ಬರೆದರು. ಮತ್ತೆ ಹಣ ಮಂಜೂರಾಗಿದ್ದು 2019ರ ಕೊನೆಗೆ.

ಹಾಗಾಗಿ ಎಲ್ಲದಕ್ಕೂ ಒಂದೇ ಮಟ್ಟದ ಅನುಮಾನ ಬೇಡ. ಬಂದೂಕು ಹೊತ್ತು ತಿರುಗಲು ಅನುಮತಿ ಕೊಡುವ ಕಾನೂನಿನಿಂದ ಅಪರಾಧ ಏರುತ್ತದೋ ಇಳಿಯುತ್ತದೋ ಅಂತ ಹೇಳಲು ಪುರಾವೆ ಸಾಲದು ಅಂತ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2004ರಲ್ಲಿ ಹೇಳಿತ್ತು. ಆ ಜಗಳ ಇನ್ನೂ ನಡೆದಿದೆ. ಆತ್ಮಹತ್ಯೆಯ ವಿಷಯದಲ್ಲಿ ಪುರಾವೆ ಗಟ್ಟಿ. ಕ್ಯಾಲಿಫೋರ್ನಿಯಾದ ಸುಮಾರು 2.6 ಕೋಟಿ ವಯಸ್ಕರ ದಾಖಲೆ ಹಿಡಿದು 2020ರಲ್ಲಿ ಬಂದ ಅಧ್ಯಯನದಲ್ಲಿ, ಕೈಬಂದೂಕು ಇದ್ದ ಗಂಡಸರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಇಲ್ಲದವರಿಗಿಂತ ಸುಮಾರು 8 ಪಟ್ಟು ಇತ್ತು. ಓದೋದಾದರೆ ಅಲ್ಲಿಂದಲೇ ಶುರು ಮಾಡಿ.