125% ಎಸ್‌ಆರ್‌ಜಿಬಿ ನೋಡಿ ಮರುಳಾಗಬೇಡಿ

ಸರ್, "125% ಎಸ್‌ಆರ್‌ಜಿಬಿ ಮಾನಿಟರ್ ಆಫರ್‌ನಲ್ಲಿದೆ, ಮದುವೆ ಆಲ್ಬಂ ಎಡಿಟಿಂಗ್‌ಗೆ ತಗೊಂಬಿಡ್ಲಾ" ಅಂತ ಕೇಳಿದೀರಲ್ಲ, ಸ್ವಲ್ಪ ತಡೀರಿ. ಇದೇ ಗುಂಡೀಲಿ ನಾನು ಬಿದ್ದು ಎದ್ದಿದೀನಿ.

ಎಸ್‌ಆರ್‌ಜಿಬಿ ಅಂದ್ರೆ ಮಾಮೂಲಿ ಸ್ಕ್ರೀನು, ವೆಬ್ಬು ಬಳಸೋ ಬಣ್ಣಗಳ ವ್ಯಾಪ್ತಿ. ಆ 125 ಬರೀ ಅದಕ್ಕೆ ಹೋಲಿಸಿದ ವಿಸ್ತೀರ್ಣದ ಲೆಕ್ಕ. ಸೈಟು 1200 ಅಡಿಗಿಂತ ಜಾಸ್ತಿ ಇದ್ರೂ ಕ್ರಾಸ್ ಆಗಿದ್ರೆ 30-40 ಪ್ಲಾನ್ ಕೂರಲ್ಲ, ಹಂಗೇ ಇದು. ಹಸಿರು ಕಡೆ ಎಳ್ಕೊಂಡು ನೀಲಿ ಕಡೆ ಮೊಟಕಾಗಿರಬಹುದು. ಕವರೇಜ್ ಎಷ್ಟು, ಅಂದ್ರೆ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ನಿಜವಾಗ್ಲೂ ಎಷ್ಟು ಪಾಲು ತೋರಿಸತ್ತೆ ಅಂತ ಕೇಳಿ. "72% ಎನ್‌ಟಿಎಸ್‌ಸಿ" ಅಂತ ಬರೆದಿದ್ರೆ ಕಮ್ಮಿ ಅಂತ ಇಲ್ಲೊಬ್ರು ಅಂದಿದಾರೆ, ಅದು 1953ರ ಟಿವಿ ಅಳತೆಗೋಲು ಮಾರಾಯ್ರೆ, 72 ಅಂದ್ರೆ ಹೆಚ್ಚುಕಮ್ಮಿ ಪೂರ್ತಿ ಎಸ್‌ಆರ್‌ಜಿಬಿಯಷ್ಟೇ ಜಾಗ. ದೂರ ಇಡಬೇಕಾದ್ದು 45% ಎನ್‌ಟಿಎಸ್‌ಸಿ ಲ್ಯಾಪ್‌ಟಾಪ್‌ಗಳನ್ನ.

ನನ್ನ ಕಥೆ ಕೇಳಿ. ವೈಡ್ ಗ್ಯಾಮಟ್ ಮಾನಿಟರ್ (ಎಸ್‌ಆರ್‌ಜಿಬಿಗಿಂತ ಜಾಸ್ತಿ ಬಣ್ಣ ತೋರಿಸೋದು) ತಂದೆ, ಅದರ ಬಣ್ಣ ಹೆಂಗಿದೆ ಅಂತ ಕಂಪ್ಯೂಟರಿಗೆ ಹೇಳೋ ಪ್ರೊಫೈಲ್ ಗಿಫೈಲ್ ಏನೂ ಹಾಕ್ಲಿಲ್ಲ, ಪ್ಯಾನಲ್ಲಿನ ಪೂರ್ತಿ ಬಣ್ಣ ಬಿಡೋ ನೇಟಿವ್ ಮೋಡಲ್ಲೇ ಕೂತೆ. ಫೋಟೋಶಾಪ್ ಅದನ್ನ ಮಾಮೂಲಿ ಎಸ್‌ಆರ್‌ಜಿಬಿ ಸ್ಕ್ರೀನ್ ಅಂದ್ಕೊಂಡು ಬಣ್ಣದ ನಂಬರ್ ಹಂಗೇ ಕಳಿಸ್ತಿದೆ, ಪ್ಯಾನಲ್ ಅದನ್ನೇ ಎಳೆದು ತೋರಿಸ್ತಿದೆ. ಕೆಂಪು ರೇಷ್ಮೆ ಸೀರೆ ಕಣ್ಣಿಗೆ ಹೊಡೀತಿದೆ, ಅರಿಶಿನ ಹಚ್ಚಿದ ಮುಖ ಕಿತ್ತಳೆ ಹಣ್ಣು. ನಾನು ಬುದ್ಧಿವಂತ ನೋಡಿ, ಮೂರು ರಾತ್ರಿ ಕೂತು ಸ್ಯಾಚುರೇಶನ್ ಇಳಿಸಿದ್ದೇ ಇಳಿಸಿದ್ದು. ಆಲ್ಬಂ ಬಂತು, ಸೀರೆ ಹತ್ತು ಸಲ ಒಗೆದಂಗಿದೆ, ಹುಡುಗಿಗೆ ಜ್ವರ ಬಂದಂಗಿದೆ. ಲ್ಯಾಬಿಗೆ ಹೋಗಿ ಜಗಳ ಆಡ್ದೆ, ಆ ಪುಣ್ಯಾತ್ಮ ನನ್ನ ಫೈಲನ್ನೇ ತನ್ನ ಸ್ಕ್ರೀನಲ್ಲಿ ತೆಗೆದು ತೋರಿಸ್ದ. ಸುಮ್ನೆ ವಾಪಸ್ ಬಂದೆ. ರೀಪ್ರಿಂಟ್ ಖರ್ಚು ನನ್ನ ತಲೆ ಮೇಲೆ.

ಅದಕ್ಕೇ ಹೇಳೋದು, ನಿಮ್ಮ ಲ್ಯಾಬ್ ಎಸ್‌ಆರ್‌ಜಿಬಿ ಜೆಪೆಗ್ ಕೇಳತ್ತೆ ಅಂದ್ರೆ (ಬಹುತೇಕ ಅದನ್ನೇ ಕೇಳ್ತಾರೆ, ಆದ್ರೂ ಒಂದು ಫೋನ್ ಮಾಡಿ) ಎಸ್‌ಆರ್‌ಜಿಬಿ ನೆಟ್ಟಗೆ ತೋರಿಸೋ ಮಾನಿಟರ್ ಸಾಕು. ನನ್ನ ಓಟು ಆಸುಸ್ ಪ್ರೋಆರ್ಟ್‌ಗೆ, ಪಿಎ248ಕ್ಯೂವಿ ಥರದ್ದು. ಬೆನ್‌ಕ್ಯೂ ಎಸ್‌ಡಬ್ಲ್ಯೂ ಸೀರೀಸ್ ಎಸ್‌ಆರ್‌ಜಿಬಿಗಿಂತ ಅಗಲವಾದ ಅಡೋಬಿ ಆರ್‌ಜಿಬಿ ಬಣ್ಣ ಕೊಡತ್ತೆ, ಚೆನ್ನಾಗಿದೆ, ಆದ್ರೆ ಮನೇಲೇ ಒಳ್ಳೆ ಇಂಕ್‌ಜೆಟ್ ಇಟ್ಕೊಂಡು ಪ್ರಿಂಟ್ ತೆಗೆಯೋರಿಗೆ. ಗೇಮಿಂಗ್ ಮಾನಿಟರಲ್ಲಿ ಆಲ್ಬಂ ಮಾಡ್ತೀನಿ ಅನ್ನೋರ ಹತ್ರ ನಾನು ವಾದ ಮಾಡಲ್ಲ.

ವೈಡ್ ಗ್ಯಾಮಟ್ಟೇ ಬೇಕು ಅಂದ್ರೆ ಬಣ್ಣವನ್ನ ಎಸ್‌ಆರ್‌ಜಿಬಿಗೆ ಕಟ್ಟಿಹಾಕೋ ಎಸ್‌ಆರ್‌ಜಿಬಿ ಮೋಡ್ ಇದೆಯಾ ನೋಡಿ, ಇದ್ರೂ ಕೆಲವದ್ರಲ್ಲಿ ಬ್ರೈಟ್‌ನೆಸ್ ಲಾಕ್ ಆಗೋಗತ್ತೆ, ಅಂಗಡೀಲೇ ಬಟನ್ ಒತ್ತಿ ನೋಡಿ. ಬ್ರೈಟ್‌ನೆಸ್ 100-120 ನಿಟ್ಸ್ (ಸ್ಕ್ರೀನ್ ಬೆಳಕಿನ ಅಳತೆ) ಸುತ್ತ ಇಡಿ, "ಪ್ರಿಂಟ್ ಕಪ್ಪಗೆ ಬಂತು" ಅಂತ ಇಲ್ಲಿ ಅಳೋರಲ್ಲಿ ಅರ್ಧ ಜನ ಸ್ಕ್ರೀನ್ ಫುಲ್ ಇಟ್ಟಿರ್ತಾರೆ. ಸ್ಕ್ರೀನ್ ಬಣ್ಣ ಅಳೆದು ಸರಿಮಾಡೋ ಕ್ಯಾಲಿಬ್ರೇಟರ್ ನಾವು ಮೂರು ಜನ ದುಡ್ಡು ಹಾಕಿ ತಗೊಂಡ್ವಿ, ತಿಂಗಳಿಗೊಂದು ಸಲ ಸಾಕಲ್ವಾ. ಇನ್ನೊಂದು, ನೆಂಟರು ಕೊಡೋ ಐಫೋನ್ ಫೋಟೋ ಡಿಸ್‌ಪ್ಲೇ ಪಿ3 ಅನ್ನೋ ಅಗಲವಾದ ಬಣ್ಣದ ವ್ಯಾಪ್ತೀಲಿರತ್ತೆ, ಆಲ್ಬಂಗೆ ಹಾಕೋಕೆ ಮುಂಚೆ ಫೋಟೋಶಾಪಲ್ಲಿ ಕನ್ವರ್ಟ್ ಟು ಪ್ರೊಫೈಲ್ ಒತ್ತಿ ಎಸ್‌ಆರ್‌ಜಿಬಿಗೆ ಬದಲಾಯಿಸಿ. ಅಸೈನ್ ಅಲ್ಲ (ಅದು ನಂಬರ್ ಹಂಗೇ ಬಿಟ್ಟು ಬಣ್ಣ ಕೆಡಿಸತ್ತೆ), ಕನ್ವರ್ಟ್!

ಆ ಆಫರ್‌ನಲ್ಲಿರೋ ಮಾಡೆಲ್ ನಂಬರ್ ಹಾಕಿ, ನೋಡಿ ಹೇಳ್ತೀನಿ.