‘ಕ್ರಷ್’ ಎಂದರೆ ಬರೀ ಪುಡಿ ಮಾಡುವುದೇ?

ಪ್ರಶ್ನೆ: ಇಂಗ್ಲಿಷಿನ ‘ಕ್ರಷ್’ ಕ್ರಿಯಾಪದಕ್ಕೆ ‘ಪುಡಿ ಮಾಡು’ ಎಂಬ ಅರ್ಥ ಓದಿದ್ದೇನೆ. ಹಾಗಾದರೆ ‘ಗ್ರೈಂಡ್’, ‘ಮ್ಯಾಶ್’ಗಳಿಗೂ ಇದಕ್ಕೂ ಏನು ವ್ಯತ್ಯಾಸ? ಜನಸಂದಣಿಯಲ್ಲಿ ಸತ್ತವರ ಬಗ್ಗೆಯೂ ಇದೇ ಪದ ಬಳಸುತ್ತಾರಲ್ಲ?

ಉತ್ತರ: ‘ಪುಡಿ ಮಾಡು’ ಎಂಬುದೊಂದನ್ನೇ ಹಿಡಿದುಕೊಂಡರೆ ಬಹಳ ಕಡೆ ಎಡವುತ್ತೀರಿ. ಈ ಪದದ ಜೀವಾಳ ಒತ್ತಡ. ಭಾರಕ್ಕೆ ಸಿಕ್ಕ ವಸ್ತು ಒಡೆಯಬೇಕು, ಇಲ್ಲವೇ ಆಕಾರಗೆಡಬೇಕು. ಲಾರಿಯಡಿ ಸಿಕ್ಕಿ ನಜ್ಜುಗುಜ್ಜಾದ ಕಾರು ಪುಡಿಯಾಗಿರುವುದಿಲ್ಲ, ಆದರೂ ಅದು ‘ಕ್ರಷ್’ ಆಗಿದೆ.

ಬೆಳ್ಳುಳ್ಳಿ ಎಸಳನ್ನು ಚಾಕುವಿನ ಅಗಲ ಮೈಯಿಂದ ಅದುಮಿ ಜಜ್ಜಿದರೆ ‘ಕ್ರಷ್’. ಎರಡು ಗಟ್ಟಿ ಮೈಗಳ ನಡುವೆ ಉಜ್ಜಿ ನುಣ್ಣಗೆ ಮಾಡಿದರೆ, ಅಂದರೆ ಬೀಸಿದರೆ ಅಥವಾ ಅರೆದರೆ, ‘ಗ್ರೈಂಡ್’. ಬೆಂದು ಮೆತ್ತಗಾದ ಆಲೂಗಡ್ಡೆಯನ್ನು ಕಿವುಚುವುದು ‘ಮ್ಯಾಶ್’. ನಿಂಬೆಹಣ್ಣು ಹಿಂಡುವುದು ‘ಸ್ಕ್ವೀಝ್’. ಕಬ್ಬು ನುರಿಸುವುದು ಮಾತ್ರ ಮತ್ತೆ ‘ಕ್ರಷ್’, ಏಕೆಂದರೆ ಅಲ್ಲಿ ಜಲ್ಲೆಯೇ ಜಜ್ಜಿಹೋಗುತ್ತದೆ.

ಮಾತ್ರೆಗಳ ಮೇಲೆ ‘ಡು ನಾಟ್ ಕ್ರಷ್ ಆರ್ ಚ್ಯೂ’ ಎಂದಿದ್ದರೆ ಜಜ್ಜಬೇಡಿ, ಅಗಿಯಬೇಡಿ ಎಂದರ್ಥ. ನಿಧಾನವಾಗಿ ಔಷಧ ಬಿಡುವಂತೆ ತಯಾರಿಸಿದ ಮಾತ್ರೆಯನ್ನು ಜಜ್ಜಿದರೆ ಗಂಟೆಗಟ್ಟಲೆ ಹರಡಿಕೊಳ್ಳಬೇಕಾದ ಔಷಧವೆಲ್ಲ ಒಮ್ಮೆಲೇ ಮೈಗೆ ಸೇರಿ ಅಪಾಯವಾಗಬಹುದು. ನುಂಗಲು ಆಗದವರು ವೈದ್ಯರನ್ನೋ ಔಷಧ ಅಂಗಡಿಯವರನ್ನೋ ಕೇಳಿಯೇ ಮುಂದುವರಿಯಬೇಕು.

ಇನ್ನು ಜನಸಂದಣಿ. ಸುತ್ತಲಿಂದ ಮೈಗಳು ಒತ್ತಿದಾಗ ಎದೆ ಹಿಗ್ಗಲು ಜಾಗವಿಲ್ಲದೆ ಉಸಿರು ಕಟ್ಟುತ್ತದೆ. ಮನುಷ್ಯ ನಿಂತಲ್ಲೇ ಸಾಯಬಹುದು. ಇಂಥ ಸುದ್ದಿಯಲ್ಲಿ ‘ಕ್ರಷ್ಟ್ ಟು ಡೆತ್’ ಎಂಬುದನ್ನು ‘ಕಾಲ್ತುಳಿತ’ ಎಂದು ಬರೆದರೆ ಸಾವಿನ ಕಾರಣವೇ ಬದಲಾಗಿಬಿಡುತ್ತದೆ. ತುಳಿಯುವುದಕ್ಕೆ ‘ಟ್ರ್ಯಾಂಪಲ್’ ಎಂಬ ಬೇರೆ ಪದವೇ ಇದೆ. ‘ನೂಕುನುಗ್ಗಲಿನಲ್ಲಿ ಸಿಕ್ಕಿ ಉಸಿರುಗಟ್ಟಿ’ ಎನ್ನುವುದು ಸರಿ. ಅನುವಾದ ಮಾಡುವವರು ಇಲ್ಲಿ ದಯವಿಟ್ಟು ಎಚ್ಚರ ವಹಿಸಬೇಕು.

ದಂಗೆಯನ್ನು ‘ಕ್ರಷ್’ ಮಾಡಿದರೆಂದರೆ ಹತ್ತಿಕ್ಕಿದರು. ಸುದ್ದಿ ಕೇಳಿ ಯಾರಾದರೂ ‘ಕ್ರಷ್’ ಆದರೆ ಕುಸಿದುಹೋದರು. ‘ಕ್ರಷಿಂಗ್ ಡಿಫೀಟ್’ ಎಂದರೆ ಹೀನಾಯ ಸೋಲು.

ಪ್ರಶ್ನೆ: ಒಬ್ಬರ ಮೇಲೆ ಮನಸ್ಸಾಗಿದೆ ಎನ್ನಲು ‘ಐ ಕ್ರಷ್ ಹಿಮ್’ ಎನ್ನಬಹುದೇ?

ಉತ್ತರ: ಬೇಡ. ಅವನನ್ನು ಜಜ್ಜುತ್ತೇನೆ ಎಂದಾಗುತ್ತದೆ. ಈ ಅರ್ಥದಲ್ಲಿ ‘ಕ್ರಷ್’ ಹೆಚ್ಚಾಗಿ ನಾಮಪದ: ‘ಐ ಹ್ಯಾವ್ ಎ ಕ್ರಷ್ ಆನ್ ಹಿಮ್’. ‘ಆನ್’ ಬದಲು ‘ವಿತ್’, ‘ಟು’ ಹಾಕಬಾರದು.

ಪ್ರಶ್ನೆ: ಭೂತಕಾಲದ ರೂಪವನ್ನು ‘ಕ್ರಷೆಡ್’ ಎಂದು ಓದಬೇಕೇ?

ಉತ್ತರ: ಇಲ್ಲ. ಬರಹದಲ್ಲಿ ಕೊನೆಗೆ ‘ಇ, ಡಿ’ ಇದ್ದರೂ ಉಚ್ಚಾರಣೆ ‘ಕ್ರಷ್ಟ್’, ಒಂದೇ ಉಸಿರಿನಲ್ಲಿ. ‘ಕ್ರಷಸ್’ ಎಂಬಲ್ಲಿ ಮಾತ್ರ ಇನ್ನೊಂದು ಸ್ವರ ಸೇರಿ ‘ಕ್ರಷಿಝ್’ ಎಂದು ಕೇಳಿಸುತ್ತದೆ.